ಶಶತೃಣಮೀಮಾಂಸೆ: ಕವಲಂದೆ ಸೀಮೆಯ ಸಾಕುಮೊಲಗಳ ಮೇವಿನ ಕುರಿತು

ಭಾರತೀಯ ತರ್ಕಶಾಸ್ತ್ರದಲ್ಲಿ ಮೊಲಕ್ಕೆ ಸಿಕ್ಕಷ್ಟು ಗೌರವ ಹಸುವಿಗೂ ಸಿಕ್ಕಿಲ್ಲ. ಲೋಕದಲ್ಲಿ ಇಲ್ಲವೇ ಇಲ್ಲದ ವಸ್ತುವಿಗೆ ದೃಷ್ಟಾಂತ ಬೇಕಾದಾಗಲೆಲ್ಲ ನಮ್ಮ ನೈಯಾಯಿಕರು ಮೊಲದ ಕೊಂಬಿಗೇ ಕೈ ಹಾಕಿದರು. ಕೊಂಬಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವರು ಹಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಪಂಚತಂತ್ರದ ಮೊಲ ಸಿಂಹವನ್ನೇ ಬಾವಿಗೆ ಕೆಡವಿತು, ಸರಿ. ಆದರೆ ಆ ಕೃತಿಯನ್ನು 1031ರ ಸುಮಾರಿಗೆ ಕನ್ನಡಕ್ಕೆ ತಂದ ದುರ್ಗಸಿಂಹನಾಗಲಿ, ಆಮೇಲಿನ ಟೀಕಾಕಾರರಾಗಲಿ, ಅದರ ಮೇವಿನ ಖರ್ಚನ್ನು ಯಾರು ವಹಿಸಿಕೊಂಡರು ಎಂದು ವಿಚಾರಿಸಿದಂತಿಲ್ಲ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ಕ್ಷೇತ್ರನಿರ್ಣಯ. ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ನಂಜನಗೂಡು ದಾಟಿ, ನರಸಾಂಬುಧಿ ಕಳೆದ ಮೇಲೆ ಸಿಗುವುದೇ ಕವಲಂದೆ. ಕಿಟಕಿಯಿಂದ ಯಾವ ಕಡೆ ನೋಡಿದರೂ ಒಣಹುಲ್ಲೇ. ಕೆಮ್ಮಣ್ಣಿನ ಹೊಲದವರ ಹಿತ್ತಿಲಲ್ಲಿ ರಾಗಿ ಹುಲ್ಲು, ಜೋಳದ ಸಪ್ಪೆ, ಹುರುಳಿ ಹೊಟ್ಟು. ತಿರುಮಕೂಡಲಿನ ಕಡೆ ಕಾಲುವೆ ಬಯಲಿಗೆ ಹೋದರೆ ಭತ್ತದ ಹುಲ್ಲಿನ ಮೆದೆಗಳು, ಅವುಗಳ ಪಕ್ಕದಲ್ಲಿ ಯಂತ್ರ ಸುತ್ತಿಟ್ಟ ಹುಲ್ಲಿನ ಸುರುಳಿಗಳು. ಇಂಥ ಸೀಮೆಯಲ್ಲಿ ಕುಳಿತು ಒಂದು ಮೊಲಕ್ಕೆ ಅಮೆರಿಕದಿಂದ ಹುಲ್ಲು ತರಿಸುವ ಮನೆಗಳಿವೆ ಎಂಬುದೇ ನಮ್ಮ ಜಿಜ್ಞಾಸೆಯ ಬೀಜ.

ಪ್ರಾಣಿನಿರ್ಣಯವೂ ಆಗಲಿ. ಹುರುಳಿ ಹೊಲದಲ್ಲಿ ಟಾರ್ಚ್ ಬೆಳಕಿಗೆ ಕಣ್ಣು ಮಿನುಗಿಸಿ ಓಡುವ ಕಾಡುಮೊಲ ಇಲ್ಲಿ ಅಪ್ರಸ್ತುತ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವಂತಿಲ್ಲ, ಕೂಡಿಹಾಕುವಂತಿಲ್ಲ. ನಮ್ಮ ವಿಷಯ ಯುರೋಪ್ ಮೂಲದ ಸಾಕುಮೊಲ. ಅದರ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ, ಮುಂದಿನವಂತೂ ವಾರಕ್ಕೆ ಸುಮಾರು ಎರಡು ಮಿಲಿಮೀಟರ್. ಅಗಿದು ಅಗಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದೆ ಉಪವಾಸ ಬೀಳುತ್ತದೆ. ಹೊಟ್ಟೆಯೂ ಅಷ್ಟೇ ಹಠಮಾರಿ: ನಾರು ತಪ್ಪಿದರೆ ಕರುಳು ನಿಂತೇ ಹೋಗುತ್ತದೆ. ಆದ್ದರಿಂದ ಅದರ ಊಟದಲ್ಲಿ ಮುಕ್ಕಾಲಿಗೂ ಮೇಲು ಒಣಹುಲ್ಲೇ ಇರಬೇಕು. ಇಷ್ಟೂ ಸಾಲದೆಂದು ಅದು ತನ್ನ ಮೆದು ಹಿಕ್ಕೆಯನ್ನು ತಾನೇ ತಿಂದು ಇನ್ನೊಮ್ಮೆ ಜೀರ್ಣಿಸಿಕೊಳ್ಳುತ್ತದೆ. ಸ್ವಂತ ಹಳೆಯ ಲೇಖನಗಳನ್ನೇ ಉಲ್ಲೇಖಿಸಿ ಹೊಸ ಲೇಖನ ಬರೆಯುವ ವಿದ್ವಾಂಸರು ಇದನ್ನು ಆಕ್ಷೇಪಿಸುವಂತಿಲ್ಲ.

ಈಗ ಪೂರ್ವಪಕ್ಷಗಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ನ್ಯಾಯ ಇಲ್ಲಿ ಅಕ್ಷರಶಃ ಅನ್ವಯವಾಗುವುದರಿಂದ ಪಂಥಗಳೂ ಮೂರೇ.

ಕ್ಯಾರೆಟ್ ಪಂಥದವರನ್ನು ಬೇಗ ಮುಗಿಸಿಬಿಡಬಹುದು. ಅವರ ಆಕರಗ್ರಂಥ 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿ ಎಂಬ ಕಾರ್ಟೂನು. ಕ್ಯಾರೆಟ್ಟಿನಲ್ಲಿ ಸಕ್ಕರೆ ಜಾಸ್ತಿ, ಮೊಲಕ್ಕದು ಹಬ್ಬದ ದಿನದ ಹೋಳಿಗೆ. ದಿನಾ ಹೋಳಿಗೆ ತಿಂದವರ ಗತಿಯೇ ಅದಕ್ಕೂ.

ಎರಡನೆಯದು ಟಿಮೊಥಿ ಪಂಥ, ಅಂದರೆ ಅಮೆರಿಕದಿಂದ ಬರುವ ಟಿಮೊಥಿ ಹುಲ್ಲನ್ನೇ ನಂಬಿದವರದು. ಇವರು ಗಂಭೀರರು, ಓದಿದವರು, ಸಾಲದಲ್ಲಿರುವವರು. 1720ರ ಸುಮಾರಿಗೆ ಅಮೆರಿಕದ ವಸಾಹತುಗಳಲ್ಲಿ ಈ ಹುಲ್ಲನ್ನು ಹಬ್ಬಿಸಿದ ಟಿಮೊಥಿ ಹ್ಯಾನ್ಸನ್ ಎಂಬ ರೈತನ ಹೆಸರೇ ಅದಕ್ಕೆ ಉಳಿದುಕೊಂಡಿತೆನ್ನುತ್ತಾರೆ. (ಕಪಿಲೆಯ ದಡದಲ್ಲಿ ತಲೆತಲಾಂತರದಿಂದ ಹುಲ್ಲು ಕೊಯ್ದವರ ಹೆಸರು ಒಂದು ಎಸಳಿಗೂ ಬಿದ್ದಿಲ್ಲ.) ಅದು ಚಳಿ ನಾಡಿನ ಹುಲ್ಲು, ನಂಜನಗೂಡಿನ ಬಿಸಿಲಿಗೆ ಬಾಳುವುದಿಲ್ಲ. ಹಡಗು ಹತ್ತಿ ಬಂದು ಪ್ಲಾಸ್ಟಿಕ್ ಪೊಟ್ಟಣದೊಳಗೆ ಕೂತು ಕಿಲೋಗೆ ನೂರಾರು ರೂಪಾಯಿ ಕೇಳುತ್ತದೆ. ಅಂದರೆ ಒಂದು ಕಿಲೋ ಹುಲ್ಲಿನ ದುಡ್ಡಿಗೆ ಕಿಲೋಗಟ್ಟಲೆ ಸೋನಾಮಸೂರಿ ಬರುತ್ತದೆ. ಮೊಲದ ಯಜಮಾನ ಅನ್ನ ಉಣ್ಣುವಾಗ ತಾನು ಮೊಲಕ್ಕಿಂತ ಅಗ್ಗದ ಪದಾರ್ಥ ತಿನ್ನುತ್ತಿದ್ದೇನೆಂಬ ವಿನಯ ಅವನಲ್ಲಿ ತಾನಾಗಿ ಮೂಡುತ್ತದೆ. ಇದೊಂದು ಆಧ್ಯಾತ್ಮಿಕ ಲಾಭ.

ಮೂರನೆಯದು ಮೆದೆ ಪಂಥ: ಊರೆಲ್ಲ ಹುಲ್ಲಿರುವಾಗ ಕೊಳ್ಳುವುದೇಕೆ? ಕೇಳಲು ಚೆನ್ನ. ಆದರೆ ಮೆದೆಯಲ್ಲಿರುವುದು ಕಾಳು ಬಲಿತು, ಒಕ್ಕಣೆಯಾಗಿ, ಸಾರವೆಲ್ಲ ರಾಗಿಗೂ ಭತ್ತಕ್ಕೂ ಹೋದ ಮೇಲೆ ಉಳಿದ ಕಡ್ಡಿ. ಭತ್ತದ ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಹೆಚ್ಚು, ಪ್ರೋಟೀನು ಮೂರು ನಾಲ್ಕು ಶೇಕಡಾ ಸಿಕ್ಕರೆ ಪುಣ್ಯ. ನಾಲ್ಕು ಕೋಣೆಯ ಹೊಟ್ಟೆಯಿರುವ ಹಸು ಅದರಲ್ಲೇ ಹಾಲು ಹಿಂಡಿ ಕೊಡುತ್ತದೆ, ಮೊಲದ ಕೈಲಾಗದು. ರಾಗಿ ಹುಲ್ಲು ಮೃದು, ಒಂದು ಮೆಟ್ಟಿಲು ಮೇಲು. ಕಡಲೆಕಾಯಿ ಬಳ್ಳಿಯಲ್ಲಿ ಸುಣ್ಣದಂಶ ಜಾಸ್ತಿ: ಮರಿಗೆ ಸರಿ, ದೊಡ್ಡದಕ್ಕೆ ಮೂತ್ರದಲ್ಲಿ ಕಲ್ಲು. ಮೊಲಕ್ಕೆ ಬೇಕಾದದ್ದು ಬೀಜ ಕಟ್ಟುವ ಮೊದಲೇ ಕೊಯ್ದು ಹಸಿರು ಹೋಗದಂತೆ ಒಣಗಿಸಿದ ಹುಲ್ಲು. ಅಂಥ ಹುಲ್ಲನ್ನು ನಮ್ಮ ಸೀಮೆಯಲ್ಲಿ ಒಣಗಿಸಿಡುವವರು ವಿರಳ, ಏಕೆಂದರೆ ಹಸಿರಾಗಿದ್ದದ್ದನ್ನು ಅವತ್ತೇ ಸಂಜೆ ಎಮ್ಮೆ ಮುಗಿಸಿರುತ್ತದೆ. ಹುಲ್ಲಿನ ನಡುವೆಯೇ ಹುಲ್ಲಿಲ್ಲ! ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣಸಿಗದಿರುವುದನ್ನು, ಒಂದು ಪ್ರಮಾಣವೆಂದು ಹಠ ಹಿಡಿದದ್ದು ಯಾಕೆಂದು ನನಗೆ ಅರ್ಥವಾದದ್ದು ಕವಲಂದೆಯಲ್ಲೇ.

ಇನ್ನು ಮಾನನಿರ್ಣಯ, ಅಂದರೆ ಅಳತೆ. ಈ ಶಾಸ್ತ್ರದ ಹೃದಯವೇ ಇದು. ಎರಡು ಕಿಲೋ ತೂಗುವ ಮೊಲಕ್ಕೆ ದಿನಕ್ಕೆ ತನ್ನ ಮೈಗಾತ್ರದಷ್ಟು ಹುಲ್ಲು ಬೇಕು. ತೂಕ ಹಾಕಿದರೆ ನೂರು ಗ್ರಾಂ ಆಸುಪಾಸು. ವರ್ಷಕ್ಕೆ ಮೂವತ್ತಾರು ಕಿಲೋ ಚಿಲ್ಲರೆ. ಅದು ಒಂದು ಹಸುವಿಗೆ ಒಂದು ವಾರದ ಒಣಮೇವು. ಹುಲ್ಲಿನ ವ್ಯಾಪಾರದಲ್ಲಿ ಇಷ್ಟು ಸಣ್ಣ ಸಂಖ್ಯೆಗೆ ಸ್ಥಾನವಿಲ್ಲ. ಅಲ್ಲಿ ಹೊರೆ ಉಂಟು, ಗಾಡಿ ಉಂಟು, ಟ್ರ್ಯಾಕ್ಟರ್ ಲೋಡು ಉಂಟು. ಮುಡುಕುತೊರೆ ಜಾತ್ರೆಯಲ್ಲಿ ಎತ್ತಿನ ಜೋಡಿ ಮುಂದೆ ಹುಲ್ಲು ಹರಡಿ ಕೂತವರ ಹತ್ತಿರ ಹೋಗಿ "ನೂರು ಗ್ರಾಂ ಕಟ್ಟಿಕೊಡಿ" ಎಂದರೆ ಆ ಮೌನವನ್ನು ಸಹಿಸಲು ಪಾಂಡಿತ್ಯ ಸಾಲದು. ಒಂದು ಮೆದೆಯ ಬುಡದಲ್ಲಿ ನಡೆದ ವಾಕ್ಯಾರ್ಥ ಹೀಗಿತ್ತು:

"ಎಷ್ಟ್ ರಾಸು ಅವೆ?"

"ರಾಸಿಲ್ಲ. ಒಂದು ಮೊಲ."

"ಮೊಲುಕ್ಕ ಉಲ್ಲಾ? ಒಂದ್ ತಬ್ಬು ಎತ್ಕಂಡ್ ಹೋಗು, ದುಡ್ಡೇನ್ ಬ್ಯಾಡ ಕನಪ್ಪ."

ಇಲ್ಲಿ ಅರ್ಥಶಾಸ್ತ್ರವೇ ಕುಸಿದುಬೀಳುತ್ತದೆ. ಟ್ರ್ಯಾಕ್ಟರ್ ಲೆಕ್ಕದಲ್ಲಿ ಬೆಲೆಯುಂಟು, ಪೊಟ್ಟಣದ ಲೆಕ್ಕದಲ್ಲಿ ಬೆಲೆಯುಂಟು. ನಡುವಿನ ತಬ್ಬಿಗೆ ಬೆಲೆಯೇ ಇಲ್ಲ. ಬೆಲೆ ಇಲ್ಲದ ಮೇಲೆ ಅಗ್ಗವೆನ್ನುವುದಾದರೂ ಹೇಗೆ? ಆದರೆ ಆ ಔದಾರ್ಯವೂ ಮಳೆಯ ಕೈಯಲ್ಲಿದೆ. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತವಾಗಿ, ಮೇವು ಹೊರರಾಜ್ಯಕ್ಕೆ ಹೋಗದಂತೆ ತಡೆದಿದ್ದರು. ಅಂಥ ವರ್ಷ ಮೊಲದ ಹೆಸರು ಹೇಳಿ ಮೆದೆಯ ಹತ್ತಿರ ಹೋಗುವುದು ಸಭ್ಯತೆಯಲ್ಲ.

ಸಿದ್ಧಾಂತ: ಬದುವಿನ ಗರಿಕೆಯೇ ಗತಿ. ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ ಹೊರದೇಶಗಳಲ್ಲಿ ಬರ್ಮುಡಾ ಹುಲ್ಲೆಂದು ಒಣಗಿಸಿ ಕಟ್ಟು ಕಟ್ಟಿ ಮಾರುತ್ತಾರೆ. ಮೂಷಿಕವಾಹನನಿಗೆ ಸಲ್ಲುವುದು ಮೊಲಕ್ಕೂ ಸಲ್ಲುತ್ತದೆಂದು ಅನುಮಾನಪ್ರಮಾಣದಿಂದ ಸಾಧಿಸಬಹುದಿತ್ತು, ಮೊಲ ಅದಕ್ಕೆ ಕಾಯದೆ ತಿಂದುಬಿಡುತ್ತದೆ. ಹೂ ಬಿಡುವ ಮೊದಲು ಕುಡುಗೋಲು ಹಾಕಬೇಕು. ಕಳೆನಾಶಕ ಹೊಡೆದ ಬದುವಿನ ಹತ್ತಿರ ಹೋಗಬಾರದು. ಕೊಯ್ದದ್ದನ್ನು ನೆಲದ ಮೇಲೆ ಹರಡಿಕೊಂಡು ಕೂತು, ಕಾಂಗ್ರೆಸ್ ಗಿಡದ ಒಂದೊಂದು ಎಲೆಯನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಬೇಕು. ಒಂದು ಹೊತ್ತು ಬಿಸಿಲು, ಆಮೇಲೆ ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ, ದಿನಕ್ಕೆರಡು ಸಲ ಮಗುಚುವುದು. ಹದ ಗೊತ್ತಾಗುವುದು ಹೀಗೆ: ಒಂದು ಹಿಡಿ ತಿರುಚಿದರೆ ಕಡ್ಡಿ ಚಟ್ ಎನ್ನಬೇಕು, ಪುಡಿಯಾಗಬಾರದು, ಮೂಸಿದರೆ ಮುಗ್ಗಲು ಬಾರದೆ ಸಿಹಿ ವಾಸನೆ ಬರಬೇಕು, ಬಣ್ಣ ಹಸಿರಿಗೆ ಹತ್ತಿರವಿರಬೇಕು. ಬೂಷ್ಟು ಹಿಡಿದದ್ದನ್ನು ದಾಕ್ಷಿಣ್ಯವಿಲ್ಲದೆ ತಿಪ್ಪೆಗೆ ಹಾಕತಕ್ಕದ್ದು. ತುಂಬಲು ಗೋಣಿಚೀಲವೇ ಲೇಸು, ಪ್ಲಾಸ್ಟಿಕ್ಕಿನೊಳಗೆ ಬೆವರುತ್ತದೆ. ಗರಿಕೆ ತೀರಿದ ದಿನಗಳಿಗೆ ರಾಗಿ ಹುಲ್ಲನ್ನು ಕತ್ತರಿಸದೆ ಉದ್ದಕ್ಕೇ ಹಾಕಿ, ಜೊತೆಗೆ ಒಂದಿಷ್ಟು ಹಸಿ ಸೊಪ್ಪು. ಪೊಟ್ಟಣದ ಟಿಮೊಥಿ ನೆಂಟರು ಬಂದಾಗ ತೋರಿಸಲಿಕ್ಕೆ.

ಒಂದು ಆಕ್ಷೇಪಕ್ಕೆ ಮಾತ್ರ ಸಮಾಧಾನ ದೊರೆತಿಲ್ಲ. ಬದುವಿನ ಮೇಲೆ ಗರಿಕೆ ಕೊಯ್ಯುವವನನ್ನು ಕಂಡವರೆಲ್ಲ, ಹೊಲದ ಯಜಮಾನನಿಂದ ಹಿಡಿದು ದಾರಿಹೋಕರವರೆಗೆ, ಒಂದೇ ಪ್ರಶ್ನೆ ಎತ್ತುತ್ತಾರೆ: "ಇಷ್ಟ್ ಮೇಯ್ಸಿ ಸಾರ್ ಮಾಡದ್ ಯಾವಾಗ?" ಮಾಡುವುದಿಲ್ಲವೆಂದರೆ "ಮತ್ಯಾಕ ಸಾಕಿದ್ದೀಯ?" ಎಂಬ ಉಪಪ್ರಶ್ನೆ. ಇದಕ್ಕೆ ನ್ಯಾಯ, ಮೀಮಾಂಸೆ, ವೇದಾಂತ ಮೂರರಲ್ಲೂ ಹುಡುಕಿದೆ. ಸದ್ಯಕ್ಕೆ "ಇನ್ನೂ ಮರಿ" ಎಂದು ಹೇಳಿ ಮುಂದಿನ ಬದುವಿಗೆ ದಾಟುವುದು ವಾಡಿಕೆ.

ಕೊನೆಯದಾಗಿ ಕಾಲನಿರ್ಣಯ. ಗರಿಕೆ ಎಳೆಯದಾಗಿರುವಾಗ ಮಳೆ ಬಿಡುವುದಿಲ್ಲ, ಮಳೆ ಬಿಟ್ಟಾಗ ಗರಿಕೆ ಬಲಿತಿರುತ್ತದೆ. ದಸರಾ ಕಳೆದು ಹಿಂಗಾರಿನ ಎರಡು ಮಳೆಗಳ ನಡುವೆ ಒಣ ಬಿಸಿಲು ಬೀಳುವ ಕೆಲವೇ ದಿನಗಳಲ್ಲಿ ವರ್ಷದ ಮೂವತ್ತಾರು ಕಿಲೋ ಕೊಯ್ದು, ಆರಿಸಿ, ಒಣಗಿಸಿ ಅಟ್ಟಕ್ಕೆ ಏರಿಸಿರಬೇಕು. ಈ ಪ್ರಬಂಧವನ್ನು ಸಂಕ್ರಾಂತಿಯ ಆಚೆ ಓದುತ್ತಿರುವವರು ಬರುವ ಹಿಂಗಾರಿನ ತನಕ ಟಿಮೊಥಿ ಪಂಥಕ್ಕೆ ಚಂದಾ ಕಟ್ಟತಕ್ಕದ್ದು.