ಗೆಡ್ಡೆ ರಾಯರು

ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಹೂ ತೋರಿಸುತ್ತಾರೆ. ಗೆಡ್ಡೆ ರಾಯರು ಮಾತ್ರ ಮಣ್ಣು ತೋರಿಸುತ್ತಾರೆ.

ತಾರಸಿಗೆ ಹತ್ತಬೇಕು. ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಬಿಡಬೇಕು. ಆಮೇಲೆ ರಾಯರು ಒಂದು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ನಮ್ಮನ್ನೂ ಕೂರಿಸಿ, "ನೋಡಿ" ಅನ್ನುತ್ತಾರೆ. ನೋಡುತ್ತೇವೆ. ಕೆಂಪು ಮಣ್ಣು, ಅರ್ಧಕ್ಕರ್ಧ ಮರಳು, ಐಸ್‌ಕ್ರೀಮ್ ಕಡ್ಡಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಮೊಳದುದ್ದದ ಹೆಸರು, ಒಂದು ಇರುವೆ. "ಮಲಗಿದೆ" ಎಂದು ಪಿಸುಗುಡುತ್ತಾರೆ. ನಾವೂ ದನಿ ತಗ್ಗಿಸಿ "ಓಹೋ" ಅನ್ನುತ್ತೇವೆ. ಇಂಥ ಮಲಗಿದ ಕುಂಡಗಳು ಅರವತ್ತೋ ಎಪ್ಪತ್ತೋ ಇವೆ. ಒಂದೊಂದರ ಮುಂದೂ ಕೂತು ಏಳಬೇಕಾದ್ದರಿಂದ ಮಂಡಿನೋವಿನವರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ.

ಗೆಡ್ಡೆ ರಾಯರು ಅನ್ನುವ ಹೆಸರು ಅವರಿಗೆ ಹಿಡಿಸದು. ಗೆಡ್ಡೆ ಎಂಬ ಶಬ್ದದ ಮೇಲೇ ಅವರ ತಕರಾರು. ಆಲೂಗೆಡ್ಡೆಯೂ ಗೆಡ್ಡೆ, ಸುವರ್ಣಗೆಡ್ಡೆಯೂ ಗೆಡ್ಡೆ, ಸುಗಂಧರಾಜದ್ದೂ ಗೆಡ್ಡೆ ಅಂದರೆ ಹೇಗೆ ಸ್ವಾಮಿ? ಈರುಳ್ಳಿಯ ಹಾಗೆ ಪದರ ಪದರವಾಗಿ, ನಡುವೆ ಮುಂದಿನ ಮೊಗ್ಗನ್ನು ಬಚ್ಚಿಟ್ಟುಕೊಂಡಿದ್ದರೆ ಅದು ಬಲ್ಬ್. ಗ್ಲಾಡಿಯೋಲಸ್‌ನದು ಕತ್ತರಿಸಿದರೆ ಒಳಗೆ ಗಟ್ಟಿ, ಪದರವೇ ಇಲ್ಲ, ಅದು ಕಾರ್ಮ್. ಡೇರೆಯದು ಉಬ್ಬಿದ ಬೇರು, ಟ್ಯೂಬರ್. ಶುಂಠಿ ರೈಜೋಮ್. ಇಷ್ಟನ್ನೂ ತರಕಾರಿ ಗಾಡಿಯವಳಿಗೆ ನಿಂತು ವಿವರಿಸಿದ್ದಾರೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, "ಅಂಗಾರೆ ಈರುಳ್ಳಿ ಎಷ್ಟು ಕೆಜಿ ಹಾಕ್ಲಿ?" ಎಂದಳು. ಇನ್ನು ಬಲ್ಬ್ ಎಂದೇ ಹೇಳೋಣವೆಂದರೆ ಅದರ ಕಷ್ಟ ಬೇರೆ. "ನಮ್ಮನೆಯವರು ಮೇಲೆ ಬಲ್ಬ್ ಹಾಕ್ತಿದ್ದಾರೆ" ಎಂದು ಅವರ ಹೆಂಡತಿ ಹೇಳಿದ್ದು ಕೇಳಿ, ಎದುರುಮನೆಯವರು ಟೆಸ್ಟರ್ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದರು.

ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕೆ ಅವರ ಜೊತೆ ಹೋಗುವುದೆಂದರೆ ಸಾಕ್ಷಿ ಹೇಳಲು ಹೋದ ಹಾಗೆ. ಹೋದ ಸಲ ಗಾಜಿನ ಮನೆಯನ್ನು ಕಣ್ಣೆತ್ತಿಯೂ ನೋಡದೆ ನೇರ ನರ್ಸರಿ ಮಳಿಗೆಗಳಿಗೆ ನುಗ್ಗಿದರು. ಒಬ್ಬ ಹುಡುಗ ಬುಟ್ಟಿಯ ಮೇಲೆ 'ಅಮರಿಲ್ಲಿಸ್' ಎಂದು ರಟ್ಟು ಸಿಕ್ಕಿಸಿದ್ದ. "ಇದು ಅಮರಿಲ್ಲಿಸ್ ಅಲ್ಲಪ್ಪ, ಹಿಪ್ಪಿಯಾಸ್ಟ್ರಮ್. ಅಮರಿಲ್ಲಿಸ್ ಅನ್ನೋದು ದಕ್ಷಿಣ ಆಫ್ರಿಕಾದ್ದು, ಇದು ದಕ್ಷಿಣ ಅಮೆರಿಕದ್ದು. 1987ರಲ್ಲಿ ಬರ್ಲಿನ್ ಕಾಂಗ್ರೆಸ್‌ನಲ್ಲಿ ತೀರ್ಮಾನ ಆಗಿಹೋಗಿದೆ" ಎಂದರು. ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಕಾಂಗ್ರೆಸ್ಸು ಎಂದು ಪೂರ್ತಿ ಹೇಳಿದ್ದರೆ ಆ ಹುಡುಗ ಏನನ್ನುತ್ತಿದ್ದನೋ. ಈಗ, "ಕಾಂಗ್ರೆಸ್ ಗಿಡ ನಾವು ಇಡಲ್ಲ ಸಾರ್. ಇದು ನೂರೈವತ್ತಕ್ಕೆ ಮೂರು" ಎಂದ. ರಾಯರು ಆರು ತೆಗೆದುಕೊಂಡರು.

ಬೀದಿಯಲ್ಲಿ ಯಾರದೋ ಮನೆಯಲ್ಲಿ ಬ್ರಹ್ಮಕಮಲ ಅರಳಿ, ರಾತ್ರಿ ಹನ್ನೊಂದಕ್ಕೆ ಎಲ್ಲರೂ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಸೇರಿದಾಗ ಅವರನ್ನು ಒಮ್ಮೆ ಕರೆದದ್ದುಂಟು. ಆರತಿಯ ನಡುವೆ, ಇದು ಮೆಕ್ಸಿಕೋ ಕಡೆಯ ಕಳ್ಳಿ, ನಿಜವಾದ ಬ್ರಹ್ಮಕಮಲ ಇರುವುದು ಹಿಮಾಲಯದಲ್ಲಿ ಎಂದರು. ಮತ್ತೆ ಕರೆದಿಲ್ಲ.

ಟುಲಿಪ್ ವರ್ಷವನ್ನು ರಾಯರ ಮನೆಯವರು ಇನ್ನೂ ಮರೆತಿಲ್ಲ. ಟುಲಿಪ್‌ಗೆ ಚಳಿ ಬೇಕು, ಮೂರು ತಿಂಗಳಾದರೂ ಬೇಕು. ಬೆಂಗಳೂರಿನ ಚಳಿ ಸ್ವೆಟರ್ ವ್ಯಾಪಾರಕ್ಕೆ ಸಾಕು, ಟುಲಿಪ್‌ಗೆ ಸಾಲದು. ಹಾಗಾಗಿ ಹನ್ನೆರಡು ಗೆಡ್ಡೆ ಕಾಗದದ ಚೀಲದಲ್ಲಿ ಫ್ರಿಜ್ ಸೇರಿದವು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಸೇಬು ಹಣ್ಣಾಗುವಾಗ ಎಥಿಲೀನ್ ಬಿಡುತ್ತದೆ, ಆ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಕಮರುತ್ತದೆ. ಫ್ರಿಜ್ಜಿಗೆ ಹಣ್ಣಿನ ಪ್ರವೇಶ ನಿಂತಿತು. ರಾಯರಿಗೆ ಹರ್ನಿಯಾ ಆಪರೇಷನ್ ಆದಾಗ ನೋಡಲು ಬಂದ ಬೀಗರು ಎರಡು ಕೆಜಿ ಸೇಬು ತಂದರೆ, ಹಾಸಿಗೆಯಲ್ಲಿ ಮಲಗಿದ್ದವರು ಅಲ್ಲಿಂದಲೇ ಕೂಗಿ, ಬೀಗರ ಎದುರಿಗೇ ಹೆಚ್ಚಿಸಿ ಬೀದಿಗೆಲ್ಲ ಹಂಚಿಸಿದರು. "ಮಗಳ ಬಾಣಂತನಕ್ಕೂ ಇಷ್ಟು ಪಥ್ಯ ಮಾಡಿರಲಿಲ್ಲ" ಎಂದು ಅವರ ಹೆಂಡತಿ ನಮ್ಮನೆಯಲ್ಲಿ ಕೂತು ಹೇಳಿದರು. ಸಂಕ್ರಾಂತಿಯ ಹೊತ್ತಿಗೆ ಒಂದು ಟುಲಿಪ್ ಅರಳಿತು. ಗೇಣುದ್ದವೂ ಇಲ್ಲ. ಮೂರನೆಯ ದಿನದ ಬಿಸಿಲಿಗೆ ದಳ ಕಳಚಿತು. 1637ರಲ್ಲಿ ಹಾಲೆಂಡಿನ ಜನ ಟುಲಿಪ್ ಗೆಡ್ಡೆಗೆ ಆಸ್ತಿ ಸುರಿದು ಕೈಸುಟ್ಟುಕೊಂಡ ಕತೆಯನ್ನು ರಾಯರು ಅಂದಿನಿಂದ ಬಲು ಅನುಕಂಪದಿಂದ ಹೇಳುತ್ತಾರೆ.

ಕುಂಡಗಳಲ್ಲೆಲ್ಲ ದೊಡ್ಡ ಮರ್ಯಾದೆ ನೀರಿನ ಟ್ಯಾಂಕಿನ ನೆರಳಲ್ಲಿರುವುದಕ್ಕೆ. ಅದು ವರ್ಸ್ಲೇಯಾ. ಬ್ರೆಜಿಲ್‌ನ ರಿಯೋ ಊರಿನ ಹಿಂದಿನ ಬೆಟ್ಟಗಳಲ್ಲಿ, ಜಲಪಾತದ ಪಕ್ಕದ ಕಡಿದಾದ ಕಲ್ಲುಬಂಡೆಗೆ ಅಂಟಿಕೊಂಡು ಬೆಳೆಯುವ ನೀಲಿ ಹೂ. ರಾಯರ ಹತ್ತಿರ ಇರುವುದು ಬೀಜದಿಂದ ಬಂದ, ಕುಡುಗೋಲಿನಂತೆ ಬಾಗಿದ ನಾಲ್ಕು ಎಲೆ. ಜಲಪಾತದ ಭ್ರಮೆ ಹುಟ್ಟಿಸಲು ಸಣ್ಣ ಜಲ್ಲಿ ತುಂಬಿ, ಬೆಳಿಗ್ಗೆ ಚೊಂಬಿನಿಂದ ಅಭಿಷೇಕ ಮಾಡುತ್ತಾರೆ. ಬೀಜದಿಂದ ಬೆಳೆಸಿದರೆ ಹೂವಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ರಾಯರಿಗೆ ಈಗಲೇ ಅರವತ್ತೊಂಬತ್ತು. ಬ್ಯಾಂಕಿನಲ್ಲಿ ಠೇವಣಿ ವಿಭಾಗ ನೋಡಿದವರಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ಐಸ್‌ಕ್ರೀಮ್ ಕಡ್ಡಿಯ ಹಿಂಬದಿ ತಿರುಗಿಸಿ ನೋಡಿದೆ. ಮೊಮ್ಮಗನ ಹೆಸರಿತ್ತು, ಪಕ್ಕದಲ್ಲಿ 'ನಾಮಿನಿ' ಎಂದಿತ್ತು.

ಒಮ್ಮೆ ಅವರು ಹತ್ತು ದಿನ ಮಗಳ ಮನೆಗೆ ಹೋಗುವಾಗ ತಾರಸಿಯ ಕೀಲಿ ನನ್ನ ಕೈಗೆ ಬಂತು. ಜೊತೆಗೆ ಮೂರು ಪುಟದ ಸೂಚನೆ. ಎರಡು ಸಲ ಓದಿದ ಮೇಲೆ ತಿರುಳು ಸಿಕ್ಕಿತು: ವರ್ಸ್ಲೇಯಾಕ್ಕೆ ದಿನಾ ಒಂದು ಚೊಂಬು, ಉಳಿದ ಯಾವುದಕ್ಕೂ ನೀರು ಹಾಕಬೇಡಿ. ನಿದ್ದೆಯಲ್ಲಿರುವ ಗೆಡ್ಡೆಗೆ ನೀರು ಬಿದ್ದರೆ ಕೊಳೆತುಹೋಗುತ್ತದೆ. ಹತ್ತು ದಿನ ಬೆಳಿಗ್ಗೆ ತಪ್ಪದೆ ಹೋಗಿ, ಅರವತ್ತೆಂಟು ಕುಂಡಗಳಿಗೆ ಒಂದೊಂದಾಗಿ ನೀರು ಹಾಕದೆ ಬಂದೆ. ಎಂಟನೆಯ ದಿನ ನಮ್ಮ ಮನೆಯಾಕೆ, "ಹಾಕದೇ ಇರೋದಕ್ಕೆ ಅಲ್ಲಿಗೆ ಯಾಕೆ ಹೋಗಬೇಕು? ಇಲ್ಲಿಂದಲೇ ಹಾಕಬೇಡಿ" ಎಂದಳು. ನನಗೆ ಹೊಳೆದೇ ಇರಲಿಲ್ಲ. ಆದರೂ ಹೋದೆ. ಆ ತಾರಸಿಯಲ್ಲಿ ಅಂಥದೇನೋ ಇದೆ.

ರಾಯರಿಗೆ ಎರಡು ದೌರ್ಬಲ್ಯ. ಮೊದಲನೆಯದು, ಕಿತ್ತು ನೋಡುವುದು. ಮೊಳಕೆ ಬಂತೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಬೆರಳು ಹಾಕಿ ಮೇಲೆತ್ತಿ, ಬೇರು ಎಣಿಸಿ, ಮತ್ತೆ ಹೂಳುತ್ತಾರೆ. ಎರಡನೆಯದು, ಕೊಡದಿರುವುದು. ಮಳೆ ಬಿದ್ದ ನಾಲ್ಕನೇ ದಿನಕ್ಕೆ ಎಲ್ಲರ ಅಂಗಳದಲ್ಲೂ ಏಳುವ ಗುಲಾಬಿ ಬಣ್ಣದ ಮಳೆ ಲಿಲ್ಲಿಯನ್ನು ಕೇಳದಿದ್ದರೂ ಕೊಡುತ್ತಾರೆ. 'ಪಪಿಲಿಯೋ' ಕೇಳಿದರೆ ಮಾತ್ರ "ಮರಿ ಇನ್ನೂ ತಾಯಿಯಿಂದ ಬಿಟ್ಟಿಲ್ಲ" ಎಂಬ ಉತ್ತರ. ಪಪಿಲಿಯೋ ಅಂದರೆ ಬ್ರೆಜಿಲ್ಲಿನ ಕಾಡಿನ ಒಂದು ಹಿಪ್ಪಿಯಾಸ್ಟ್ರಮ್. ತಿಳಿಹಸಿರು ದಳದ ಮೇಲೆ ಕಡುಗೆಂಪು ಗೆರೆ ಎಳೆದು ಚಿಟ್ಟೆ ಮಾಡಿದ ಹಾಗಿರುತ್ತದಂತೆ. ಅಂತೆ ಎಂದೆ, ಏಕೆಂದರೆ ಆರು ವರ್ಷದಿಂದ ಅವರ ಕುಂಡದಲ್ಲಿ ಅದು ಎಲೆ ಬಿಟ್ಟು ಬೇರೇನೂ ಕೊಟ್ಟಿಲ್ಲ. ಬೇರು ಕುಂಡದಲ್ಲಿ ಒತ್ತಿಕೊಂಡು ನೆಮ್ಮದಿಯಾಗಿದ್ದರೆ ಹೂ ಬಿಡುವ ಜಾತಿ ಅದು. ಈ ಮಾತನ್ನು ನನಗೆ ಹೇಳಿದವರು ರಾಯರೇ, ಗೆಡ್ಡೆಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು.

ಎರಡು ವರ್ಷದ ಹಿಂದೆ ಮೊಮ್ಮಗನ ಉಪನಯನಕ್ಕೆ ಸಾಗರದಿಂದ ರಾಯರ ಅಕ್ಕ ಬಂದಿದ್ದರು. ಮಲೆನಾಡಿನ ಹೆಂಗಸರಿಗೆ ಡೇರೆ ಗೆಡ್ಡೆಯ ವಿಷಯದಲ್ಲಿ ಇರುವ ಕೈಚಳಕ ಗೊತ್ತಿದ್ದವರು ಅವರನ್ನು ಒಬ್ಬರನ್ನೇ ತಾರಸಿಗೆ ಬಿಡುತ್ತಿರಲಿಲ್ಲ. ಕದ್ದು ತಂದ ಗಿಡವೇ ಚೆನ್ನಾಗಿ ಬದುಕುವುದು ಎಂಬುದು ಅಲ್ಲಿನ ನಂಬಿಕೆ. ರಾಯರು ಪುರೋಹಿತರ ಹತ್ತಿರ ದಕ್ಷಿಣೆಯ ಲೆಕ್ಕ ಮಾಡುತ್ತಿದ್ದರು.

ಮೊನ್ನೆ ಶನಿವಾರ ಅಕ್ಕನ ಫೋನಿನಿಂದ ಒಂದು ಫೋಟೋ ಬಂತು. ಬಚ್ಚಲ ಪಕ್ಕ ಒಂದು ಒಡೆದ ಪ್ಲಾಸ್ಟಿಕ್ ಕೊಡಪಾನ, ಅದರಲ್ಲಿ ಎರಡು ದಂಟು, ದಂಟಿನ ತುದಿಯಲ್ಲಿ ಜೋಡಿ ಚಿಟ್ಟೆ. ರಾಯರು ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿ, ನನ್ನೆದುರಿಗೇ ಫೋನು ಹಚ್ಚಿದರು. ಕಳ್ಳತನದ ಮಾತೇ ಎತ್ತಲಿಲ್ಲ.

"ಅಕ್ಕಾ, ಎಂತ ಗೊಬ್ಬರ ಹಾಕಿದೆ?"

"ಎಂತದೂ ಇಲ್ಲ ಮಾರಾಯ. ಪಾತ್ರೆ ತೊಳೆದ ನೀರು ಹೋಗೋ ಜಾಗ. ಇಟ್ಟವಳು ಮರೆತೇಬಿಟ್ಟಿದ್ದೆ."

"ಮುಟ್ಟಬೇಡ ಅದನ್ನ. ಪರಾಗ ತೆಗೀಬೇಕು, ಬೀಜ ಕಟ್ಟಿಸಬೇಕು. ಈಗಲೇ ಹೊರಡ್ತೀನಿ."

"ಹೂವಿಗಾದ್ರೆ ಬರಬೇಡ. ಫೋಟೋ ತೆಗೆದು ಕೊಯ್ದೆ. ನಿನ್ನೆ ಶುಕ್ರವಾರ ಅಲ್ವನಾ? ದೇವರಿಗಾಯ್ತು. ಅದರ ಬುಡದಲ್ಲಿ ಒಂದು ರಾಶಿ ಮರಿ ಇದೆ ನೋಡು."

ರಾಯರು ಸ್ವಲ್ಪ ಹೊತ್ತು ಗೋಡೆ ನೋಡಿದರು. ಒಳಗೆ ಹೋಗಿ ಕೈಚೀಲ ತಂದರು. ಚೀಲದೊಳಗೆ ಒಂದು ಹಳೆಯ ನ್ಯೂಸ್ ಪೇಪರು, ಒಂದು ಟಾರ್ಚು. ತಾರಸಿಯ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಮೆಟ್ಟಿಲಿಳಿದರು.

"ಅಕ್ಕನನ್ನ ಕೇಳಿದ್ರೆ ಒಂದು ಮರಿ ಕೊಡೋದಿಲ್ವೇ?" ಎಂದೆ.

"ಕೊಡ್ತಾಳೆ" ಎಂದರು ರಾಯರು. "ಕೇಳಿ ತಂದದ್ದು ಬದುಕೋಲ್ಲ."