ಹಿಂಭಾಗವಿಲ್ಲದ ಮಫ್ಲರು

ಸಿದ್ದಾಪುರದಲ್ಲಿ ಮಫ್ಲರು ಹೆಣೆಯಲು ಕೂರುವುದಕ್ಕೆ ಚಳಿ ಕಾರಣವಲ್ಲ, ಮಳೆ ಕಾರಣ. ಚಳಿ ಬೇಕಾದವರು ಮಡಿಕೇರಿಗೆ ಹೋಗಲಿ. ನಮ್ಮದು ಕಾವೇರಿ ದಂಡೆಯ ತಗ್ಗಿನ ಊರು. ಡಿಸೆಂಬರ್, ಜನವರಿಯ ಮುಂಜಾವು ಬಿಟ್ಟರೆ ಕುತ್ತಿಗೆಗೆ ಉಲ್ಲನ್ ಸುತ್ತಿಕೊಳ್ಳುವ ಪ್ರಮೇಯ ಕಮ್ಮಿ. ಆದರೆ ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ, ಕರೆಂಟು ಹೋಗುತ್ತದೆ, ಹಲಸಿನ ಹಣ್ಣಿನ ವಾಸನೆಗೆ ಆನೆ ತೋಟಕ್ಕೆ ಇಳಿಯುತ್ತದೆ. ಹೀಗೆ ಮನೆಯೊಳಗೆ ಸಿಕ್ಕಿಹಾಕಿಕೊಂಡ ನಿವೃತ್ತ ಗಂಡಸು ಒಂದೋ ಟೀವಿ ನೋಡಬೇಕು, ಇಲ್ಲವೇ ಅಡುಗೆಮನೆಗೆ ಹೋಗಿ ಸಾರಿಗೆ ಉಪ್ಪು ಹಾಕಿದ್ದಾಯಿತೇ ಎಂದು ವಿಚಾರಿಸಬೇಕು. ಕರೆಂಟಿಲ್ಲದೆ ಮೊದಲನೆಯದು ಆಗದು. ಎರಡನೆಯದನ್ನು ತಡೆಯಲೆಂದೇ ನನ್ನ ಹೆಂಡತಿ ತನ್ನ ಅಕ್ಕನನ್ನು ಕರೆಸಿ ನನ್ನ ಕೈಗೆ ಎರಡು ಕಡ್ಡಿ ಕೊಡಿಸಿದಳು.

ಅತ್ತಿಗೆಯದು ಪಳಗಿದ ಕೈ. ಮಿಲಿಟರಿಯಲ್ಲಿದ್ದ ಗಂಡನ ಜೊತೆ ಉತ್ತರದ ಊರೂರು ಸುತ್ತಿ, ಕ್ವಾರ್ಟರ್ಸ್ ಅಂಗಳದ ಎಳೆಬಿಸಿಲಲ್ಲಿ ಕಲಿತದ್ದು. ಹಾಗಾಗಿ ಅವರ ಪಾಠದಲ್ಲಿ ಎರಡೇ ಮಂತ್ರ: ಸೀದಾ, ಉಲ್ಟಾ. ಅವೆರಡು ಕೈಗೆ ಹತ್ತಿದ ಮೇಲೆ ಅಪ್ಪಣೆಯಾಯಿತು. “ಪ್ಲೇನ್ ಹಾಕಬೇಡಿ. ಅಂಗಡಿಯಿಂದ ತಂದದ್ದು ಅಂತಾರೆ. ಜಡೆ ಡಿಸೈನ್ ಹಾಕಿ.”

ಜಡೆ ಡಿಸೈನಿನ ಗುಟ್ಟು ಇಷ್ಟೇ. ಸೀದಾ ಹೆಣೆಯುವ ಆರು ಕುಣಿಕೆ, ಅದರ ಎರಡೂ ಪಕ್ಕಕ್ಕೆ ಉಲ್ಟಾ. ಒಂದಷ್ಟು ಸಾಲು ಸುಮ್ಮನೆ ಹೆಣೆದುಕೊಂಡು ಹೋಗಿ, ಆಮೇಲೆ ಆರರಲ್ಲಿ ಮೊದಲ ಮೂರನ್ನು ಎರಡೂ ತುದಿ ಚೂಪಾದ ಒಂದು ಗಿಡ್ಡ ಕಡ್ಡಿಗೆ ಇಳಿಸಿ ಪಕ್ಕಕ್ಕಿಟ್ಟು, ಹಿಂದಿನ ಮೂರನ್ನು ಮೊದಲು ಹೆಣೆಯಬೇಕು. ಸಂತೆಯ ದಿನ ಬಸ್ಸಿನ ಬಾಗಿಲಲ್ಲಿ ಮುಂದಿದ್ದ ಮೂವರನ್ನು ಕಂಡಕ್ಟರ್ ಅಡ್ಡಗಟ್ಟಿ, ಹಿಂದಿನ ಮೂವರನ್ನು ಹತ್ತಿಸಿದ ಹಾಗೆ. ಕಾದು ನಿಂತವರಿಗೆ ಆಮೇಲೆ ಸೀಟು. ಗಿಡ್ಡ ಕಡ್ಡಿಯನ್ನು ಮುಂದೆ ಬಿಟ್ಟರೆ ಜಡೆ ಎಡಕ್ಕೆ ಹೊರಳುತ್ತದೆ, ಹಿಂದೆ ಬಿಟ್ಟರೆ ಬಲಕ್ಕೆ. ಸಿದ್ದಾಪುರದ ಅಂಗಡಿಯಲ್ಲಿ ಇಂಥ ಕಡ್ಡಿ ಕೇಳಿದರೆ ಐಸ್‌ಕ್ರೀಮ್ ಚಮಚ ತೋರಿಸುತ್ತಾರೆ. ಅತ್ತಿಗೆ ತಮ್ಮ ತಲೆಯಿಂದಲೇ ಒಂದು ಹೇರ್‌ಪಿನ್ ಕಿತ್ತು ಕೊಟ್ಟರು. ಅಮೆರಿಕದಲ್ಲಿರುವ ಮಗಳು ಫೋನಿಗೆ ಕಳಿಸಿದ ನಮೂನೆಯಲ್ಲಿ ಎಂಟನೇ ನಂಬರಿನ ಕಡ್ಡಿ ಎಂದಿತ್ತು. ಅವರ ಎಂಟು 5 ಮಿಲಿಮೀಟರ್, ನಮ್ಮ ಹಳೇ ಲೆಕ್ಕದ ಎಂಟು 4. ಮೇಲಾಗಿ ಅಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ, ಇಲ್ಲಿ ಸಣ್ಣಗಾಗುತ್ತದೆ. “ಅವರ ಕರೆಂಟ್ ಸ್ವಿಚ್ಚೂ ಉಲ್ಟಾ ಅಲ್ವಾ” ಎಂದು ಅತ್ತಿಗೆ ಆ ದೇಶವನ್ನೇ ಬದಿಗೆ ಸರಿಸಿದರು.

ಜಡೆ ಹೊರಳಿದಲ್ಲೆಲ್ಲ ಕುಣಿಕೆಗಳು ಒಂದರ ಮೇಲೊಂದು ಹತ್ತಿ ಕೂರುವುದರಿಂದ ಅಗಲ ಕುಗ್ಗುತ್ತದೆ, ಉಲ್ಲನ್ ಜಾಸ್ತಿ ತಿನ್ನುತ್ತದೆ. ಇದು ಸಹಿಸಬಹುದಾದ ಖರ್ಚು. ಸಹಿಸಲಾಗದ್ದು ಹಿಂಭಾಗ. ಮುಂದೆ ಉಬ್ಬಿ ನಿಲ್ಲುವ ಚೆಂದದ ಜಡೆ ಹಿಂದೆ ಬರೀ ಉಬ್ಬುತಗ್ಗಿನ ಗಲಿಬಿಲಿ. ಸ್ವೆಟರಿಗೆ ಅದು ದೋಷವಲ್ಲ, ಒಳಗೆ ಅಡಗುತ್ತದೆ. ಮಫ್ಲರಿಗೆ ಒಳಗು ಹೊರಗು ಎಂಬುದೇ ಇಲ್ಲ. ನಮ್ಮ ಊರಿನವರೋ, ಏನು ಕೊಟ್ಟರೂ ಮೊದಲು ಮಗುಚಿ ನೋಡುವವರು. ಹೊಸದಾಗಿ ಬಂದವನನ್ನು ಹೆಸರು ಕೇಳುವ ಮೊದಲೇ “ನೀವು ಯಾರ ಮನೆಯವರು?” ಎಂದು ಕೇಳಿ ಅಜ್ಜನ ತನಕ ಬಿಚ್ಚಿಸುವ ಜನಕ್ಕೆ ಒಂದು ಮಫ್ಲರು ಯಾವ ಲೆಕ್ಕ? ಹಾಲು ತಂದವನು ಮಗುಚಿದ. ಕರಿಮೆಣಸಿನ ರೇಟು ಹೇಳಲು ಬಂದವರು ಮಗುಚಿದರು.

ಪಕ್ಕದ ತೋಟದ ಆಂಟಿ ಮಾತ್ರ ಮುಂಭಾಗವನ್ನೇ ನೋಡಿ ಕಣ್ಣರಳಿಸಿದರು. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ಮನೆತನಕ್ಕೊಂದು ಜಡೆ ಇರುತ್ತದಂತೆ, ಬೆಸ್ತರು ಸಮುದ್ರದಲ್ಲಿ ಸತ್ತರೆ ಸ್ವೆಟರು ನೋಡಿಯೇ ಯಾರ ಮನೆಯವನೆಂದು ಹೇಳುತ್ತಾರಂತೆ. “ನಮ್ಮ ಒಕ್ಕಕ್ಕೂ ಒಂದು ಹಾಕಿಕೊಡಿ. ಮದುವೆಗೆ ಎಲ್ಲರೂ ಹಾಕ್ಕೊಂಡು ಬರ್ತೇವೆ.” ಮೇ ತಿಂಗಳ ಮದುವೆಗೆ ಉಲ್ಲನ್ ಹೊದ್ದು ಸಾಲಾಗಿ ಕುಳಿತ ಒಂದು ಇಡೀ ಒಕ್ಕ ನನ್ನ ಕಣ್ಣ ಮುಂದೆ ಬೆವರತೊಡಗಿತು. ಆ ಕಥೆ ನಿಜವಲ್ಲ ಎಂದು ಹೇಳುವುದೇ ಕ್ಷೇಮವೆನಿಸಿತು. ಅರಾನಿನ ಜಡೆ ಸ್ವೆಟರು ಪ್ರಾಚೀನವೇನಲ್ಲ, 20ನೇ ಶತಮಾನದಲ್ಲಿ ಹೆಸರಾದದ್ದು. ಸತ್ತವನ ಗುರುತಿನ ಕಥೆಗೆ ಬೀಜ ಹಾಕಿದ್ದು ಐರಿಷ್ ಲೇಖಕ ಸಿಂಜ್ ಬರೆದ, 1904ರಲ್ಲಿ ಡಬ್ಲಿನ್ನಿನಲ್ಲಿ ಆಡಲಾದ ‘ರೈಡರ್ಸ್ ಟು ದ ಸೀ’ ನಾಟಕ. ಅದರಲ್ಲೂ ಸ್ವೆಟರಿಲ್ಲ, ಜಡೆಯಿಲ್ಲ. ಇರುವುದು ಒಂದು ಸಾದಾ ಕಾಲುಚೀಲ. ತಾನು ಹೆಣೆಯುವಾಗ ಬಿಟ್ಟುಹೋದ ಕುಣಿಕೆಗಳ ಲೆಕ್ಕದಿಂದ ಸತ್ತವನ ತಂಗಿ ಅದನ್ನು ಗುರುತು ಹಿಡಿಯುತ್ತಾಳೆ.

ಆಂಟಿ ಎಲ್ಲವನ್ನೂ ಕೇಳಿ, “ಹಾಗಾದ್ರೆ ನಮ್ಮದು ಗುರುತು ಸಿಗ್ಲಿಕ್ಕೆ ಎಲ್ಲಾದ್ರೂ ನಾಲ್ಕು ಬಿಟ್ಟೇ ಹಾಕಿ” ಎಂದರು.

ಹಿಂಭಾಗದ ಸಮಸ್ಯೆಗೆ ಮದ್ದು ಅತ್ತಿಗೆಯ ಬಳಿಯಿತ್ತು. ಜಡೆಯ ಕುಣಿಕೆಗಳನ್ನೆಲ್ಲ ಸೀದಾ ಹೆಣೆಯದೆ ಒಂದು ಸೀದಾ, ಒಂದು ಉಲ್ಟಾ ಎಂದು ಹೆಣೆದು ಹೊರಳಿಸಬೇಕು. ಕುಣಿಕೆ ಜಾಸ್ತಿ ಬೇಕು, ತಾಳ್ಮೆ ಇನ್ನೂ ಜಾಸ್ತಿ ಬೇಕು, ಆದರೆ ಜಡೆ ಎರಡೂ ಕಡೆ ಒಂದೇ ಥರ ಏಳುತ್ತದೆ. ಹಾಗೆ ಹೊಸದಾಗಿ ಶುರುಮಾಡಿದ್ದು ರೋಬಸ್ಟಾ ಕೊಯ್ಲಿನ ಹೊತ್ತಿಗೆ ಮುಗಿಯಿತು. ಹಾಲಿನವನು ಆ ಕಡೆ ಮಗುಚಿದ, ಈ ಕಡೆ ಮಗುಚಿದ. ಹೇಳಲು ಏನೂ ಸಿಗದೆ, ಉಲ್ಲನ್ನಿಗೆ ಎಷ್ಟಾಯಿತು ಎಂದು ಕೇಳಿದ.

ಬೆಳಿಗ್ಗೆ ಮಂಜಿನಲ್ಲಿ ಆಳುಗಳ ಹಾಜರಿ ತೆಗೆಯುವ ತೋಟದ ರೈಟರಿಗೆ ಅದನ್ನು ಕೊಟ್ಟೆ. ಅವರು ಎರಡೂ ಕಿವಿ ಮುಚ್ಚುವಂತೆ ತಲೆಗೆ ಸುತ್ತಿ, ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿ, ಮೇಲೆ ಮಂಕಿ ಕ್ಯಾಪು ಎಳೆದುಕೊಂಡರು.

“ಜಡೆ ಕಾಣೋದೇ ಇಲ್ಲವಲ್ರೀ?”

“ಏನ್ ಸಾರ್?” ಎಂದರು ರೈಟರು. “ಜೋರಾಗಿ ಹೇಳಿ, ಏನೂ ಕೇಳ್ತಿಲ್ಲ.”