ಓನರ್ ಅಂಕಲ್

ನಮ್ಮ ರಸ್ತೆಯಲ್ಲಿ ನನಗೆ ಹೆಸರಿಲ್ಲ. ಹಾಲಿನವನಿಗೆ, ಕೊರಿಯರ್ ಹುಡುಗನಿಗೆ ನಾನು ‘ಓನರ್’. ಮೇಲಿನ ಎರಡು ಮನೆಯವರಿಗೆ ‘ಅಂಕಲ್’. ಪಿಂಚಣಿಯ ಜೊತೆಗೆ ಇನ್ನೊಂದು ಆಸರೆ ಇರಲಿ ಅಂತ ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನಲ್ಲಿ ಕೆಳಗೊಂದು, ಮೇಲೆರಡು ಮನೆ ಕಟ್ಟಿಸಿದ ಎಲ್ಲರ ಪಾಡೂ ಇಷ್ಟೇ. ಸಿನಿಮಾದವರೂ ನಮ್ಮ ಕುಲಕ್ಕೆ ನ್ಯಾಯ ಒದಗಿಸಲಿಲ್ಲ. 1990ರ ‘ಗಣೇಶನ ಮದುವೆ’ ನೋಡಿದವರೆಲ್ಲ ಬಾಡಿಗೆದಾರ ಅನಂತನಾಗ್ ಕಡೆಗೇ. ವಠಾರದ ಓನರ್ ರಮಣಮೂರ್ತಿಗಾಗಿ ಥಿಯೇಟರಿನಲ್ಲಿ ಒಬ್ಬನಾದರೂ ಶಿಳ್ಳೆ ಹೊಡೆದಿರಲಾರ.

ಓನರ್ ಅಂದರೆ ತಿಂಗಳ ಐದನೇ ತಾರೀಖು ಬಾಡಿಗೆ ಎಣಿಸುವವನು ಅಂತ ಜನ ತಿಳಿದಿದ್ದಾರೆ. ಬೆಳಗಿನ ಜಾವ ಟಾರ್ಚ್ ಹಿಡಿದು ಸಂಪಿನ ಮುಚ್ಚಳ ಎತ್ತಿ ಕಾವೇರಿ ಬಂದಳೋ ಇಲ್ಲವೋ ಅಂತ ಬಗ್ಗಿ ನೋಡುವವನೂ ಅವನೇ. ನಮ್ಮಲ್ಲಿ ದಿನ ಬಿಟ್ಟು ದಿನ ನೀರು. ಮೊದಲು ಪೈಪಿನಿಂದ ಬುಸ್ಸೆಂದು ಗಾಳಿ, ಆಮೇಲೆ ಎರಡು ಕೆಮ್ಮು, ಆಮೇಲೆ ಕಿರುಬೆರಳಿನ ಗಾತ್ರದ ಧಾರೆ. ಮೋಟಾರ್ ಹಾಕಿ ಕಾಯಬೇಕು. ಮರೆತು ಕಾಫಿಗೆ ಕೂತರೆ ಟ್ಯಾಂಕ್ ತುಂಬಿ ಪಕ್ಕದವರ ಕಾರಿಗೆ ಅಭಿಷೇಕ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಯೆತ್ತಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರಿಗೆ ಸಾವಿರ ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಆ ದರದ ಮಾತೆತ್ತಿದ್ದೇ ತಡ, ನಮ್ಮ ಟ್ಯಾಂಕರಿನವನು ಫೋನ್ ಎತ್ತುವುದನ್ನೇ ನಿಲ್ಲಿಸಿದ. ಎರಡನೇ ಮಹಡಿಯ ಹುಡುಗ ಮಾತ್ರ ತಪ್ಪದೆ ಫೋನ್ ಮಾಡುತ್ತಿದ್ದ, ತಲೆಗೆ ಶಾಂಪೂ ಹಚ್ಚಿಕೊಂಡೇ: “ಅಂಕಲ್, ನೀರು ನಿಂತೋಯ್ತು.”

ಕಾಗದಪತ್ರದ ವೈಭವ ಬೇರೆ. ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಅಂತ ಹೊಸಬರು ಕೇಳುತ್ತಾರೆ. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಆ ಮೆಟ್ಟಿಲಿಗೆ ಹೆದರಿ ಇಡೀ ಊರು ವರ್ಷವನ್ನೇ ಹನ್ನೊಂದು ತಿಂಗಳಿಗೆ ಇಳಿಸಿಕೊಂಡಿದೆ. ಕಂಪನಿ ಕೆಲಸದವರಾದರೆ ಜನವರಿಯಲ್ಲಿ ಬಾಗಿಲು ತಟ್ಟಿ, “ಅಂಕಲ್, ನಿಮ್ಮ ಪಾನ್ ನಂಬರ್?” ಅನ್ನುತ್ತಾರೆ. ವರ್ಷದ ಬಾಡಿಗೆ ಲಕ್ಷ ದಾಟಿದರೆ ಅವರ ಎಚ್‌ಆರ್‌ಎಗೆ ಅದು ಬೇಕು. ಅಲ್ಲಿಯವರೆಗೆ ಬಾಡಿಗೆಯನ್ನು ಗುಟ್ಟಾಗಿ ಇಟ್ಟುಕೊಂಡಿದ್ದ ಎಷ್ಟೋ ಓನರುಗಳ ಮುಖ ಆಗ ನೋಡಬೇಕು. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರಿಗೂ ಕರೆಂಟ್ ಪುಕ್ಕಟೆ ಅಂತ ಖುಷಿಪಟ್ಟೆ. ಮನೆ ಬಿಟ್ಟುಹೋದವರ ಆಧಾರ್ ನಮ್ಮ ಆರ್‌ಆರ್ ನಂಬರಿಗೆ ಅಂಟಿಕೊಂಡೇ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಮನುಷ್ಯರನ್ನು ಖಾಲಿ ಮಾಡಿಸಿದ ಮೇಲೆ ಅವರ ಆಧಾರನ್ನೂ ಖಾಲಿ ಮಾಡಿಸಬೇಕು.

ಇನ್ನು ಮೊಳೆ. ಕೋರ್ಟಿಗೆ ಹೋಗದ ಬಾಡಿಗೆ ವ್ಯಾಜ್ಯಗಳಲ್ಲಿ ಮುಕ್ಕಾಲು ಪಾಲು ಮೊಳೆಯದೇ ಅಂತ ನನ್ನ ನಂಬಿಕೆ. ಮೇಲೆ ಡ್ರಿಲ್ ಗುಂಯ್ ಅಂದರೆ ಕೆಳಗೆ ನನ್ನಾಕೆ ಎದೆ ಹಿಡಿದುಕೊಳ್ಳುತ್ತಾಳೆ. ಹಿಂದೆ ಇದ್ದ ಬ್ಯಾಚುಲರ್‌ಗಳು ಖಾಲಿ ಮಾಡುವ ದಿನ ಗೋಡೆ ನೋಡಲು ಹೋದೆವು. ಒಂದು ತೂತೂ ಇಲ್ಲ. ಎಷ್ಟು ಒಳ್ಳೆಯ ಹುಡುಗರು ಅಂದುಕೊಳ್ಳುವಷ್ಟರಲ್ಲಿ ಇವಳು ಗೋಡೆಗೆ ಮೂಗು ಹತ್ತಿರ ತಂದು, “ರೀ, ಪುದೀನ ವಾಸನೆ,” ಅಂದಳು. ಉಗುರಿನಿಂದ ಕೆರೆದರೆ ಟೂತ್‌ಪೇಸ್ಟ್! ಬಿಳಿ ಗೋಡೆಗೆ ಬಿಳಿ ಪೇಸ್ಟನ್ನೇ ಕೊಂಡು ತಂದ ಅವರ ಶ್ರದ್ಧೆಗೆ ಮೆಚ್ಚಿ ಪೇಂಟಿಂಗ್ ಹಣದಲ್ಲಿ ಸ್ವಲ್ಪ ಬಿಟ್ಟುಕೊಟ್ಟೆ.

ಇವೆಲ್ಲ ಚಿಲ್ಲರೆ. ಓನರಿನ ನಿಜವಾದ ಭಯ ಬೇರೆಯೇ ಇದೆ, ಅದನ್ನು ಯಾವ ಓನರೂ ಬಾಯಿಬಿಟ್ಟು ಹೇಳುವುದಿಲ್ಲ. “ಅಂಕಲ್, ಸ್ವಲ್ಪ ಮಾತಾಡಬೇಕಿತ್ತು” ಅಂತ ಬಾಡಿಗೆದಾರ ಮೆಟ್ಟಿಲಿಳಿದು ಬಂದರೆ ಎದೆ ಧಸಕ್ಕೆನ್ನುತ್ತದೆ. ನಲ್ಲಿ ಸೋರುತ್ತಿದ್ದರೆ ದೇವರು ದೊಡ್ಡವನು. ಮನೆ ಖಾಲಿ ಮಾಡುತ್ತೇನೆ ಅಂದರೆ ಅಡ್ವಾನ್ಸ್ ವಾಪಸ್ ಕೊಡಬೇಕಲ್ಲ! ಈ ಊರಿನ ಹತ್ತು ತಿಂಗಳ ಅಡ್ವಾನ್ಸ್ ಬ್ಯಾಂಕಿನಲ್ಲಿ ಇರುತ್ತದೆ ಅಂತ ನಂಬುವವರು ಬಾಡಿಗೆದಾರರು ಮಾತ್ರ. ಅದು ಎಂದೋ ಮೇಲಿನ ಮಹಡಿಯ ತಾರಸಿಯಾಗಿರುತ್ತದೆ, ಮಗಳ ಮದುವೆಯ ಊಟವಾಗಿ ಜನ ಕೈತೊಳೆದು ಹೋಗಿರುತ್ತಾರೆ. ಹಳಬರ ಅಡ್ವಾನ್ಸ್ ಹೊಸಬರ ಅಡ್ವಾನ್ಸಿನಿಂದಲೇ ತೀರಬೇಕು. ಭೋಗ್ಯಕ್ಕೆ ಕೊಟ್ಟವರ ಕತೆ ಇನ್ನೂ ಘೋರ. ತಿಂಗಳ ಬಾಡಿಗೆಯೂ ಇಲ್ಲ, ಕೊನೆಗೆ ಪೂರ್ತಿ ಗಂಟು ಒಂದೇ ಸಲ ಕಕ್ಕಬೇಕು.

ಅದರಲ್ಲೂ ನೋಟಿಸ್ ಮುಗಿಯುವುದು ಆಷಾಢಕ್ಕೆ ಸರಿಯಾಗಿ ಬಂತೆನ್ನಿ, ಕೆಟ್ಟೆವು. ಹೋಗುವವರಿಗೆ ಆಷಾಢದ ಅಡ್ಡಿಯಿಲ್ಲ, ಬರುವವರು ಹಾಲು ಉಕ್ಕಿಸಲು ಶ್ರಾವಣವೇ ಆಗಬೇಕು. ನಡುವಿನ ತಿಂಗಳಲ್ಲಿ ನಾನು ಹಳೇ ಬಾಡಿಗೆದಾರನನ್ನು ಬೀದಿಯಲ್ಲಿ ಕಂಡರೆ ತರಕಾರಿ ಗಾಡಿಯ ಆಚೆ ಸರಿಯುತ್ತೇನೆ. ಮನೆಯ ಒಡೆಯ ಅನ್ನಿಸಿಕೊಂಡವನು ವಾಸ್ತವದಲ್ಲಿ ತನ್ನ ಮನೆಯಲ್ಲಿರುವವರಿಗೇ ಬಡ್ಡಿಯಿಲ್ಲದ ಸಾಲಗಾರ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಅಂತಿದೆ. ಓನರುಗಳು ಅದನ್ನು ಬೈಯುತ್ತಾರೆ. ನನ್ನ ಮಟ್ಟಿಗೆ ಅದು ಓನರುಗಳ ನಿದ್ದೆಗಾಗಿಯೇ ಬರೆದ ಕಾನೂನು. ಕೈಗೆ ಬಂದಿದ್ದು ಕಡಿಮೆಯಾದಷ್ಟೂ ಕೊಡಬೇಕಾದದ್ದೂ ಕಡಿಮೆ.

ಅಂದಹಾಗೆ ನಮ್ಮ ಎರಡನೇ ಮಹಡಿ ಖಾಲಿಯಿದೆ. ಪೂರ್ವಕ್ಕೆ ಬಾಗಿಲು, ಎರಡು ಬೆಡ್‌ರೂಮು, ದಿನ ಬಿಟ್ಟು ದಿನ ಕಾವೇರಿ. ಅಡ್ವಾನ್ಸ್ ಐದು ತಿಂಗಳದ್ದು ಸಾಕು. ಗೊತ್ತಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಕಳಿಸಿಕೊಡಿ. ಹಳಬರು ಭಾನುವಾರ ಬರುತ್ತೇನೆ ಅಂದಿದ್ದಾರೆ.